ಶಿಗ್ಗಾವಿ ಸೀಮೆಯ ಕೂರಿಗೆ

ಮುಂಗಾರು ಹದವಾಗಿ ಬಿದ್ದ ಮೇಲೆ ಶಿಗ್ಗಾವಿಯಿಂದ ಕನಕದಾಸರ ಹುಟ್ಟೂರು ಬಾಡದ ಕಡೆ ಹೊರಟವರು ಹೊಲದ ಬದಿ ಗಾಡಿ ನಿಲ್ಲಿಸಿ ಕೂರಿಗೆ ನೋಡಬೇಕು.

ಎತ್ತುಗಳ ಹಿಂದೆ ಮರದ ದಿಂಡು, ಅದಕ್ಕೆ ಮೊನಚಾದ ತಾಳುಗಳು; ಮೇಲೊಂದು ಬಟ್ಟಲು, ಅದರ ತೂತುಗಳಿಂದ ತಾಳಿಗಿಳಿಯುವ ಬಿದಿರಿನ ಕೊಳವೆಗಳು. ಬಿತ್ತುವ ಹೆಣ್ಣುಮಗಳು ಉಡಿಯ ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಬೆರಳ ಸಂದಿಯಿಂದ ಸಮನಾಗಿ ಬಿಡುತ್ತಾಳೆ. ಕೈ ತುಸು ತಡೆದರೆ ಸಾಲು ಖಾಲಿ, ಜಾರಿದರೆ ಪೈರು ಒತ್ತು. ಎಂಥ ನಾಜೂಕಿನ ಅಳತೆ!

ಸಾಲುಬಿತ್ತನೆ ಯುರೋಪಿನ ಹೊಸ ಶೋಧವೆಂದೇ ನಂಬಿದ್ದ ಇಂಗ್ಲಿಷ್ ಅಧಿಕಾರಿ ಥಾಮಸ್ ಹಾಲ್ಕಾಟ್, ದಕ್ಷಿಣ ಭಾರತದಲ್ಲಿ ಕೂರಿಗೆ ಕಂಡು 1790ರ ದಶಕದಲ್ಲಿ ಅದರ ಬಗ್ಗೆ ಮೆಚ್ಚಿ ಬರೆದ.

ಹಾನಗಲ್ಲು, ಹಿರೇಕೆರೂರಿನ ಗೋವಿನಜೋಳದ ಹೊಲಗಳಿಗೆ ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ. ಎತ್ತಿನ ಕೂರಿಗೆ ಕಟ್ಟಬಲ್ಲ ಬಡಿಗರನ್ನು ಊರುಗಳು ಉಳಿಸಿಕೊಳ್ಳಲಿ.