ಅಂಜಿದ ಬೆಕ್ಕಿಗೆ ಆತಿಥ್ಯ

ಪ್ರಾಣಿಗಳ ಆಶ್ರಯಧಾಮವನ್ನು ಸೇರಿದ ಬೆಕ್ಕನ್ನು, ಅದಕ್ಕೆ ಸ್ಥಿರವಾದ ಮನೆಯೊಂದು ದೊರೆಯುವವರೆಗೆ, ಸ್ವಯಂಸೇವಕರೊಬ್ಬರು ತಮ್ಮ ಮನೆಯಲ್ಲಿರಿಸಿಕೊಂಡು ಪೋಷಿಸುವ ಪದ್ಧತಿಯು ‘ಫಾಸ್ಟರ್’ ಎಂಬ ಹೆಸರಿನಿಂದಲೇ ನಮ್ಮ ಬೆಂಗಳೂರಿನಲ್ಲಿಯೂ ಬಳಕೆಗೆ ಬಂದಿದೆ. ಲಂಡನ್ನಿನ ಪ್ರಸಿದ್ಧವಾದ ಬ್ಯಾಟರ್‌ಸೀ ಧಾಮವು 1860ರಲ್ಲಿ ನಾಯಿಗಳಿಗಾಗಿ ಸ್ಥಾಪಿತವಾಗಿ, ಬೆಕ್ಕುಗಳಿಗೆ ಬಾಗಿಲು ತೆರೆದದ್ದು 1883ರಲ್ಲಿ. ದಯೆಯ ಇತಿಹಾಸದಲ್ಲಿಯೂ ಮಾರ್ಜಾಲವು ಶ್ವಾನದ ಹಿಂದೆಯೇ ನಿಲ್ಲಬೇಕಾಯಿತು. ಅದರ ಫಲವೋ ಎಂಬಂತೆ, ನಾಯಿಗೆ ಒಪ್ಪುವ ಉಪಚಾರಗಳನ್ನೇ, ಎಂದರೆ ಕರೆಯುವುದು, ತಟ್ಟುವುದು, ಎತ್ತಿಕೊಳ್ಳುವುದು, ಹತ್ತು ಜನರ ಪರಿಚಯ ಮಾಡಿಸುವುದು, ಇವುಗಳನ್ನೇ ಬೆಕ್ಕಿಗೂ ಸಲ್ಲಿಸಿ, ಅದು ಸ್ವೀಕರಿಸದಿದ್ದರೆ ಕೃತಘ್ನವೆಂದು ನೊಂದುಕೊಳ್ಳುವವರು ಇಂದಿಗೂ ಕಡಮೆಯಿಲ್ಲ. ಈ ಪದ್ಧತಿಯ ಯೋಗ್ಯತೆಯು ಮನುಷ್ಯನು ಮಾಡುವ ಉಪಚಾರದಲ್ಲಿಲ್ಲ, ಅವನು ತಡೆಹಿಡಿಯುವ ಉಪಚಾರದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಬೆಕ್ಕು ಒಂಟಿಯಾಗಿ ಬೇಟೆಯಾಡುವ ಕಾಡುಬೆಕ್ಕಿನ ಸಂತತಿ. ತಾನು ಬೇಟೆಗಾರನಾಗಿರುವಂತೆಯೇ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಆಗಬಲ್ಲ ಅಲ್ಪಕಾಯದ ಜೀವಿ. ಅದರ ಅಭಯವೆಲ್ಲ ತನಗೆ ಪರಿಚಿತವಾದ, ತನ್ನದೇ ಗಂಧವುಳ್ಳ ನೆಲೆಯಲ್ಲಿರುತ್ತದೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿಯಲ್ಲಿ ಮನುಷ್ಯನ ಕೈಸ್ಪರ್ಶವನ್ನು ಕಾಣದ ಮರಿಗೆ ಮುಂದೆ ಆ ಕೈಯೇ ಭಯಕಾರಣವಾಗುವುದುಂಟು. ಅಂಥ ಬೆಕ್ಕಿಗೆ ಧಾಮವು ಒಂದು ಸ್ಥಾನಭ್ರಂಶವಾದರೆ, ನಾವು ಕರುಣೆಯಿಂದ ತೆರೆದ ಮನೆಯು ಎರಡನೆಯದು. ಆದ್ದರಿಂದ ಅನುಭವಿಗಳು ಅದಕ್ಕೆ ಇಡೀ ಮನೆಯನ್ನು ಬಿಟ್ಟುಕೊಡದೆ ಒಂದೇ ಒಂದು ಚಿಕ್ಕ ಕೋಣೆಯನ್ನು ಕೊಟ್ಟು, ಅನ್ನನೀರಿನ ಬಟ್ಟಲುಗಳನ್ನು ಲಿಟರ್ ಟ್ರೇಯಿಂದ ದೂರದಲ್ಲಿರಿಸಿ, ಮಂಚದಡಿಯಂಥ ಕೈಗೆಟುಕದ ಸಂದುಗಳನ್ನು ಮುಚ್ಚಿ, ಪ್ರತಿಯಾಗಿ ಒಂದು ರಟ್ಟಿನ ಪೆಟ್ಟಿಗೆಯನ್ನು ಇಡುತ್ತಾರೆ. ಪೆಟ್ಟಿಗೆಯ ಬೆಲೆ ಏನೂ ಇಲ್ಲ, ಗುಣ ಅಪಾರ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು, ಧಾಮವೊಂದಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಪೆಟ್ಟಿಗೆಯನ್ನು ಕೊಟ್ಟು ಕೆಲವಕ್ಕೆ ಕೊಡದೆ ನೋಡಿ, 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಪೆಟ್ಟಿಗೆ ದೊರೆತವುಗಳ ಉದ್ವೇಗವು ಮೂರನೆಯ ದಿನದಷ್ಟರಲ್ಲಿಯೇ ಇತರವುಗಳಿಗಿಂತ ಇಳಿದಿತ್ತು. ಉದ್ವೇಗವನ್ನು ಅಳೆಯಲು ಅವರು ಬಳಸಿದ್ದು ಕೆಸ್ಲರ್ ಮತ್ತು ಟರ್ನರ್ ಎಂಬ ವಿದ್ವಾಂಸರು 1997ರಲ್ಲಿ ಮಂಡಿಸಿದ ಏಳು ಮೆಟ್ಟಿಲುಗಳ ಮಾನದಂಡ. ಕಿವಿ, ಕಣ್ಣು, ಬಾಲ, ಉಸಿರಾಟ, ಮೈಯ ಭಂಗಿ ಇವುಗಳಿಂದಲೇ ಭಯವನ್ನು ಓದುವ ಕ್ರಮವದು.

ಆದರೂ, ಅಡಗಲು ಎಡೆಗೊಟ್ಟರೆ ಬೆಕ್ಕು ಎಂದೆಂದಿಗೂ ಅಡಗಿಯೇ ಇರುವುದೆಂದು ವಾದಿಸಿ, ಅದನ್ನು ಹೊರಗೆಳೆದು, ಟವಲಿನಲ್ಲಿ ಸುತ್ತಿ, ಮಡಿಲಲ್ಲಿರಿಸಿಕೊಂಡು ‘ಅಭ್ಯಾಸ’ ಮಾಡಿಸುವ ಪಂಥವೊಂದುಂಟು. ಆಗ ಬೆಕ್ಕು ಕದಲದೆ ಕುಳಿತಿರುವುದು ನಿಜ. ಆದರೆ ಆ ನಿಶ್ಚಲತೆಯು ಸಮ್ಮತಿಯಲ್ಲ, ಓಡಲು ದಾರಿ ಕಾಣದ ಜೀವಿಯ ಸ್ತಬ್ಧತೆ. ದೇವರು ಭಕ್ತನನ್ನು ಕಾಯುವ ಬಗೆಯನ್ನು ವಿವರಿಸಲು ಶ್ರೀವೈಷ್ಣವರಲ್ಲಿ ತೆಂಗಲೆಯವರು ಮುಂದಿಡುವ ಮಾರ್ಜಾಲಕಿಶೋರನ್ಯಾಯದಲ್ಲಿ ಮರಿಯು ಸುಮ್ಮನಿರುತ್ತದೆ, ತಾಯಿಯೇ ಕತ್ತುಕಚ್ಚಿ ಒಯ್ಯುತ್ತದೆ. ವಡಗಲೆಯವರ ಮರ್ಕಟಕಿಶೋರನ್ಯಾಯದಲ್ಲಿ ಮರಿಯು ತಾನಾಗಿ ತಾಯನ್ನು ಹಿಡಿದುಕೊಳ್ಳಬೇಕು. ದೇವರ ವಿಷಯವನ್ನು ಬಲ್ಲವರು ನಿರ್ಣಯಿಸಲಿ. ಬೆದರಿದ ಬೆಳೆದ ಬೆಕ್ಕಿನ ವಿಷಯದಲ್ಲಿ ಮಾತ್ರ, ವಿಚಿತ್ರವಾದರೂ ಸರಿಯೆ, ಸಲ್ಲತಕ್ಕದ್ದು ಮರ್ಕಟನ್ಯಾಯವೇ. ಹಿಡಿತವು ಅದರ ಕಡೆಯಿಂದಲೇ ಆರಂಭವಾಗಬೇಕು. ಪೋಷಕನು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಮೆಲುದನಿಯಲ್ಲಿ ಏನನ್ನಾದರೂ ಓದುತ್ತಿದ್ದರೆ ಸಾಕು. ಕಣ್ಣೆವೆಗಳನ್ನು ನಿಧಾನವಾಗಿ ಮುಚ್ಚಿ ತೆರೆಯುವವರ ಬಳಿಗೆ ಬೆಕ್ಕು ಹೆಚ್ಚಾಗಿ ಸಾರುವುದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದವರು 2020ರಲ್ಲಿ ತೋರಿಸಿದ್ದಾರೆ. ಕಣ್ಣುಮುಚ್ಚಿ ಹಾಲು ಕುಡಿಯುತ್ತದೆಂದು ನಾವು ತಲೆತಲಾಂತರದಿಂದ ಹಂಗಿಸಿದ ಪ್ರಾಣಿಗೆ ಕಣ್ಣುಮುಚ್ಚುವುದು ಸೌಜನ್ಯದ ಕುರುಹೂ ಆಗಿದೆ!

ಈ ಪದ್ಧತಿಯಲ್ಲಿ ನನಗೆ ಒಪ್ಪಿಗೆಯಾಗದ ಅಂಶವೆಂದರೆ ಬೆಕ್ಕು ಹೊಸ ಮನೆಗೆ ಹೊಂದಿಕೊಳ್ಳುವ ಹಂತಗಳನ್ನು ‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಎಂದು ಎಣಿಸುವ ಸೂತ್ರ. ಆತುರಗಾರರನ್ನು ತಾಳ್ಮೆಗೆ ಒಲಿಸಲು ಹುಟ್ಟಿದ ಈ ಮಾತು ಈಗ ಪಂಚಾಂಗದ ಅಧಿಕಾರವನ್ನು ಪಡೆದು, ನಾಲ್ಕನೆಯ ತಿಂಗಳಲ್ಲಿಯೂ ಪೆಟ್ಟಿಗೆ ಬಿಡದ ಬೆಕ್ಕನ್ನು ಅನುತ್ತೀರ್ಣವೆಂದು ತೀರ್ಮಾನಿಸುತ್ತಿದೆ. ಮತ್ತೊಂದು ಕಡೆ, ಅದೇ ಸೂತ್ರವನ್ನು ನಂಬಿ, ಬೆಕ್ಕು ಉಣ್ಣದಿರುವುದನ್ನೂ ಸಹಜವೆಂದು ಎಣಿಸಿ ಕೈಕಟ್ಟಿ ಕುಳಿತುಕೊಳ್ಳುವ ಅಪಾಯವಿದೆ. ಕೆಲವೇ ದಿನಗಳ ಉಪವಾಸದಿಂದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತಿಳಿಸಲೇಬೇಕು. ನೋಡತಕ್ಕದ್ದು ತಿಥಿಯನ್ನಲ್ಲ, ಬಟ್ಟಲು ಖಾಲಿಯಾಯಿತೇ, ಟ್ರೇ ಬಳಕೆಯಾಯಿತೇ, ಮೈ ನೆಕ್ಕಿಕೊಂಡಿತೇ, ರಾತ್ರಿ ಕೋಣೆಯಲ್ಲಿ ಸುಳಿದಾಡಿತೇ ಎಂಬುದನ್ನು.

ಮಡಿಲೇರಿದ ಬೆಕ್ಕಿನ ಚಿತ್ರವೊಂದನ್ನು ಬೇಗ ಕಳುಹಿಸಿರೆಂದು ಪೋಷಕರನ್ನು ಒತ್ತಾಯಿಸುವುದರಿಂದ ಬೆಕ್ಕಿಗೆ ಅಪಕಾರವೇ ಆಗುತ್ತದೆ. ಎಲ್ಲವೂ ಮಡಿಲೇರುವುದಿಲ್ಲ, ಕೆಲವು ಬಾಗಿಲ ಬಳಿ ನಿಂತು ನಮ್ಮನ್ನು ನೋಡುವಷ್ಟಕ್ಕೆ ತೃಪ್ತವಾಗುತ್ತವೆ, ಸುಖವಾಗಿಯೂ ಇರುತ್ತವೆ. ದತ್ತು ಕೇಳಲು ಬಂದವರಿಗೆ ಈ ಮಾತನ್ನು ಮುಚ್ಚಿಡದೆ ಹೇಳಬೇಕು. ಇನ್ನು, ಅಂಥದೊಂದನ್ನು ಮನೆಗೆ ಕರೆತರಲು ಮನಸ್ಸು ಮಾಡಿರುವ ಅಪಾರ್ಟ್‌ಮೆಂಟ್‌ವಾಸಿ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ಬೆಕ್ಕು ಬರುವ ಮುನ್ನವೇ ಬಾಲ್ಕನಿಗೂ ಕಿಟಕಿಗಳಿಗೂ ಜಾಲರಿ ಹಾಕಿಸಿರಿ.