ಒಂದು ಗೋಲಿನ ಶಿಕ್ಷೆ

ಫುಟ್‌ಬಾಲಿನಲ್ಲಿ ಮುಂದೆ ಆಡುವವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಗೋಲ್‌ಕೀಪರನ ಲೆಕ್ಕ ಇದಕ್ಕೆ ತಿರುಗುಮುರುಗು. ಅವನು ತಡೆದ ಹತ್ತು ಚೆಂಡುಗಳು ಮರೆತುಹೋಗುತ್ತವೆ, ಕೈತಪ್ಪಿದ ಒಂದು ನೆನಪಿನಲ್ಲಿ ಉಳಿಯುತ್ತದೆ. ಈ ಅನ್ಯಾಯದ ಲೆಕ್ಕಕ್ಕೆ ಇಡೀ ಬದುಕನ್ನೇ ತೆತ್ತವರು ಬ್ರೆಜಿಲ್‌ನ ಮೊವಾಸಿರ್ ಬಾರ್ಬೋಸಾ. ಜೋರ್ಜೆ ಫುರ್ಟಾಡೊ ಮತ್ತು ಆನಾ ಲೂಯಿಸಾ ಅಜೆವೆಡೊ ಸೇರಿ 1988ರಲ್ಲಿ 'ಬಾರ್ಬೋಸಾ' ಎಂಬ ಕಿರುಚಿತ್ರ ಮಾಡಿದರು. ಕಾಲುಗಂಟೆಯೂ ಇಲ್ಲದ ಈ ಚಿತ್ರ ಕತೆ ಬರೆಯುವ ನನ್ನನ್ನು ಕಾಡಿದೆ. ಅದರ ಜೊತೆ ನನಗೊಂದು ತಕರಾರೂ ಇದೆ.

ಮೊದಲು ಆ ಪಂದ್ಯದ ಸಂಗತಿ. 1950ರ ಜುಲೈ 16, ರಿಯೊ ಡಿ ಜನೈರೊದ ಹೊಸ ಮರಕಾನಾ ಮೈದಾನ. ಟಿಕೆಟ್ ಕೊಂಡು ಬಂದವರೇ 1,73,850 ಮಂದಿ. ಆ ವಿಶ್ವಕಪ್‌ನ ಕೊನೆಯ ಸುತ್ತು ನಾಲ್ಕು ತಂಡಗಳ ನಡುವಿನ ಲೀಗ್ ಆಗಿತ್ತು. ಬ್ರೆಜಿಲ್ ಸ್ವೀಡನ್ನನ್ನು 7-1ರಿಂದ, ಸ್ಪೇನನ್ನು 6-1ರಿಂದ ಮಣಿಸಿ ಬಂದಿತ್ತು. ಉರುಗ್ವೆಯೊಂದಿಗೆ ಸಮ ಮಾಡಿಕೊಂಡರೂ ಕಪ್ ಅದರದೇ. ವಿರಾಮ ಮುಗಿದ ಕೂಡಲೇ ಫ್ರಿಯಾಸಾ ಬ್ರೆಜಿಲ್‌ಗೆ ಗೋಲು ತಂದರು. ನಂತರ ಉರುಗ್ವೆಯ ಘಿಗ್ಗಿಯಾ ಬಲಬದಿಯಿಂದ ನುಗ್ಗಿ ಚೆಂಡನ್ನು ನಡುವಿಗೆ ಕೊಟ್ಟರು, ಸ್ಕಿಯಾಫಿನೊ ಅದನ್ನು ಗೋಲಾಗಿಸಿದರು. 79ನೇ ನಿಮಿಷದಲ್ಲಿ ಮತ್ತೆ ಅದೇ ಘಿಗ್ಗಿಯಾ, ಅದೇ ದಾರಿ. ಈ ಸಲವೂ ಚೆಂಡು ನಡುವಿಗೇ ಬರುತ್ತದೆಂದು ಬಾರ್ಬೋಸಾ ಊಹಿಸಿದರು. ಘಿಗ್ಗಿಯಾ ಅದನ್ನು ಗೋಲ್‌ಕೀಪರ್ ಮತ್ತು ಕಂಬದ ನಡುವಿನ ಸಂದಿಗೆ ಹೊಡೆದರು. ಬ್ರೆಜಿಲ್ 1-2ರಿಂದ ಸೋತಿತು.

ಉರ್ದುವಿನಲ್ಲಿ 'ಖತಾ' ಎಂಬ ಮಾತಿದೆ, 'ಗುನಾಹ್' ಎಂಬ ಮಾತೂ ಇದೆ. ಕೈಜಾರಿ ಆದದ್ದು ಖತಾ. ತಿಳಿದೂ ತಿಳಿದೂ ಮಾಡಿದ ಪಾಪ ಗುನಾಹ್. ಶಾಲೆಯಲ್ಲಿ ನಾವು ಇವೆರಡನ್ನು ಬೆರೆಸಿ ಬರೆದರೆ ಉಸ್ತಾದರು ಕೆಂಪು ಗೆರೆ ಎಳೆಯುತ್ತಿದ್ದರು. ಬಾರ್ಬೋಸಾರ ಖತಾವನ್ನು ಒಂದು ಇಡೀ ದೇಶ ಗುನಾಹ್ ಎಂದು ಬರೆದುಕೊಂಡಿತು. ಗೆರೆ ಎಳೆಯುವವರು ಇರಲಿಲ್ಲ.

ಅಂದು ಆಡಿದವರು ಹನ್ನೊಂದು ಮಂದಿ. ಹಿಂದಿನ ಎರಡು ಪಂದ್ಯಗಳಲ್ಲಿ ಹದಿಮೂರು ಗೋಲು ಹೊಡೆದ ತಂಡಕ್ಕೆ ಅಂದು ಒಂದೇ ಏಕೆ ದಕ್ಕಿತು ಎಂಬುದು ದೊಡ್ಡ ಪ್ರಶ್ನೆಯಾಗಲಿಲ್ಲ. ಆರೋಪ ಮುಖ್ಯವಾಗಿ ಮೂವರ ತಲೆಗೆ ಬಂತು: ಬಾರ್ಬೋಸಾ, ಬಿಗೋಡೆ, ಜುವೆನಾಲ್. ಮೂವರೂ ಕಪ್ಪುಜನ. ಸೋಲಿನ ಬಿಳಿ ಅಂಗಿಯನ್ನು ಬ್ರೆಜಿಲ್ ಬಿಟ್ಟುಕೊಟ್ಟಿತು. ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಗೆದ್ದ ಹಳದಿ ಅಂಗಿ 1954ರಲ್ಲಿ ಬಂತು. ಅಂಗಿಯ ಬಣ್ಣ ಬದಲಿಸುವುದು ಸುಲಭ. ಕಪ್ಪುಜನರನ್ನು ನಂಬಿ ಗೋಲು ಕಾಯಲು ನಿಲ್ಲಿಸಬಾರದು ಎಂಬ ಮಾತು ಮಾತ್ರ ದಶಕಗಳ ಕಾಲ ಓಡಾಡಿತು. 2006ರ ವಿಶ್ವಕಪ್‌ನಲ್ಲಿ ದೀದಾ ಬ್ರೆಜಿಲ್‌ನ ಮೊದಲ ಆಯ್ಕೆಯ ಗೋಲ್‌ಕೀಪರ್ ಆದಾಗ ಅವರ ಬಣ್ಣವೂ ಸುದ್ದಿಯಾಯಿತು. ಹಾಗೆ ನೋಡಿದರೆ ಬಾರ್ಬೋಸಾರ ಕ್ಲಬ್ಬು ವಾಸ್ಕೊ ಡ ಗಾಮಾಗೆ ಇದಕ್ಕೆ ಎದುರಾದ ಚರಿತ್ರೆಯಿದೆ. ಹನ್ನೆರಡು ಆಟಗಾರರನ್ನು ಕೈಬಿಟ್ಟರೆ ಮಾತ್ರ ಕೂಟಕ್ಕೆ ಸೇರಿಸಿಕೊಳ್ಳುತ್ತೇವೆ ಎಂದು ರಿಯೊದ ದೊಡ್ಡ ಕ್ಲಬ್ಬುಗಳು 1924ರಲ್ಲಿ ಹೇಳಿದವು. ಹಾಗೆ ಕೈಬಿಡಬೇಕಿದ್ದವರು ಕಪ್ಪುಜನ ಮತ್ತು ಬಡ ಕೂಲಿಗಳು. ಅವರನ್ನು ಬಿಟ್ಟು ಬರಲಾರೆವು ಎಂದು ವಾಸ್ಕೊ ಪತ್ರ ಬರೆದು ತಿಳಿಸಿತು.

ಇನ್ನು ಚಿತ್ರದ ಮಾತು. ಇದಕ್ಕೆ ಆಧಾರ ಪಾವ್ಲೊ ಪೆರ್ಡಿಗಾವ್ ಬರೆದ ಕತೆ. ಬಾಲ್ಯದಲ್ಲಿ ತಂದೆಯೊಂದಿಗೆ ಆ ಪಂದ್ಯ ನೋಡಿದ್ದ ಒಬ್ಬಾತ ಕಾಲಯಂತ್ರ ಹತ್ತಿ 1950ಕ್ಕೆ ಹಿಂದಿರುಗುತ್ತಾನೆ. ಗೋಲನ್ನು ತಪ್ಪಿಸಿ ಬಾರ್ಬೋಸಾರನ್ನೂ ತನ್ನ ಬಾಲ್ಯವನ್ನೂ ಉಳಿಸುವುದು ಅವನ ಆಸೆ. ಹೇಗೋ ಗೋಲಿನ ಹಿಂಬದಿಗೆ ಬಂದು ಹೆಸರು ಹಿಡಿದು ಕೂಗುತ್ತಾನೆ. ಆ ಕೂಗಿಗೆ ಬಾರ್ಬೋಸಾರ ಗಮನ ಒಂದು ಕ್ಷಣ ತಪ್ಪುತ್ತದೆ, ಚೆಂಡು ಒಳಗೆ ಹೋಗುತ್ತದೆ. ಎಷ್ಟೋ ಲೇಖನಗಳು ಹೇಳಲಾಗದ್ದನ್ನು ಈ ಮುಕ್ತಾಯ ಹೇಳಿದೆ. ಬಾರ್ಬೋಸಾರನ್ನು ಸೋಲಿಸಿದ್ದು ನೋಡುವವರ ಹಸಿವು ಎಂದು ಅದು ಹೇಳುತ್ತದೆ. ಕರುಣೆಯಿಂದ ಬಂದವನ ಕೈಯಲ್ಲೂ ಅವರಿಗೆ ಬಿಡುಗಡೆ ಸಿಗುವುದಿಲ್ಲ. ಕಟ್ಟುಕತೆಯ ನಡುವೆ ಮುದಿ ಬಾರ್ಬೋಸಾ ತಾವೇ ಬಂದು ಮಾತನಾಡುತ್ತಾರೆ. ಆಗ ಕತೆ ಹಿಂದೆ ಸರಿದು ಒಬ್ಬ ಮನುಷ್ಯ ಎದುರು ಕೂತಂತಾಗುತ್ತದೆ.

ನನ್ನ ತಕರಾರು ಇರುವುದು ಕಾಲಯಂತ್ರ ಎಲ್ಲಿ ನಿಂತಿತು ಎಂಬುದರ ಬಗ್ಗೆ. 1921ರಲ್ಲಿ ಕಂಪಿನಾಸ್‌ನಲ್ಲಿ ಹುಟ್ಟಿದ ಬಾರ್ಬೋಸಾ 1962ರವರೆಗೆ ಆಡಿದವರು. ವಾಸ್ಕೊ ಪರವಾಗಿ ರಿಯೊ ಚಾಂಪಿಯನ್‌ಶಿಪ್ಪನ್ನು ಹಲವು ಸಲ ಗೆದ್ದವರು. 1949ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಆದ ಬ್ರೆಜಿಲ್ ತಂಡದಲ್ಲಿದ್ದವರು. ಅದಕ್ಕೂ ಮುಂಚೆ 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಖಂಡದ ಕ್ಲಬ್ಬುಗಳ ಪಂದ್ಯಾವಳಿ ನಡೆದಿತ್ತು. ಅಲ್ಲಿ ವಾಸ್ಕೊಗೆ ಎದುರಾದದ್ದು ಡಿ ಸ್ಟೆಫಾನೊ ಆಡುತ್ತಿದ್ದ ಅರ್ಜೆಂಟೀನಾದ ರಿವರ್ ಪ್ಲೇಟ್. ಅಂದೂ ಸಮ ಮಾಡಿಕೊಂಡರೆ ಸಾಕಿತ್ತು. ಪಂದ್ಯ 0-0ರಲ್ಲಿ ಮುಗಿದು ಕಪ್ ವಾಸ್ಕೊ ಪಾಲಾಯಿತು. ಮರಕಾನಾದಲ್ಲಿ ಕೈತಪ್ಪಿದ ಸಮವನ್ನು ಎರಡು ವರ್ಷ ಮುಂಚೆ ಅದೇ ಕೈಗಳು ಕಾಯ್ದಿದ್ದವು. ಆ ಯಂತ್ರ ಸ್ಯಾಂಟಿಯಾಗೊಗೆ ಹೋಗಲಿಲ್ಲ. ಬಾರ್ಬೋಸಾರ ಪರ ನಿಂತ ಚಿತ್ರವೂ ಅವರನ್ನು ಆ 79ನೇ ನಿಮಿಷದಿಂದ ಹೊರಗೆ ಕರೆತರಲಿಲ್ಲ. ನಾವು ಕತೆಗಾರರು ಮಾಡುವುದೂ ಇದನ್ನೇ. ಗಾಯ ಕತೆಯಾಗುತ್ತದೆ, ದಿನನಿತ್ಯದ ದುಡಿಮೆ ಕತೆಯಾಗುವುದಿಲ್ಲ.

ನಿವೃತ್ತಿಯ ನಂತರ ಅವರು ಹೊಟ್ಟೆಪಾಡಿಗೆ ಅದೇ ಮರಕಾನಾದಲ್ಲಿ ನೌಕರಿ ಮಾಡಿದರು. ಒಮ್ಮೆ ಅಂಗಡಿಯಲ್ಲಿ ಒಬ್ಬ ತಾಯಿ ತನ್ನ ಮಗನಿಗೆ ಅವರನ್ನು ತೋರಿಸಿ, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ ಎಂದಳಂತೆ. ನಮ್ಮ ಕಾನೂನಿನಲ್ಲಿ ದೊಡ್ಡ ಶಿಕ್ಷೆಯೆಂದರೆ ಮೂವತ್ತು ವರ್ಷ, ನಾನು ಅದಕ್ಕಿಂತ ಹೆಚ್ಚು ಅನುಭವಿಸಿದ್ದೇನೆ ಎಂದು ಅವರು ಹೇಳುತ್ತಿದ್ದರು. 2000ದ ಏಪ್ರಿಲ್ 7ರಂದು ತೀರಿಕೊಂಡರು.

2014ರ ಜುಲೈ 8ರಂದು ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 1-7ರಿಂದ ಸೋತಾಗ, ಬಾರ್ಬೋಸಾರ ಸಾಲ ಈಗ ತೀರಿತು ಎಂದವರಿದ್ದರು. ಇನ್ನೂ ದೊಡ್ಡ ಅವಮಾನ ಬಂದು ಚಿಕ್ಕದನ್ನು ಮರೆಸಿದರೆ ಅದು ನ್ಯಾಯವಾಗುವುದಿಲ್ಲ. ಅಸಲಿಗೆ ಅವರು ಯಾರಿಗೂ ಸಾಲಗಾರರಾಗಿರಲಿಲ್ಲ. 1948ರ ಆ ದಿನ ಸ್ಯಾಂಟಿಯಾಗೊದಲ್ಲಿ ಒಳಗೆ ಹೋಗದ ಚೆಂಡುಗಳ ಕತೆಯನ್ನು ಯಾರಾದರೂ ಬರೆಯಬೇಕು.