ಸ್ವರ್ಣಕಮಲದ ಪಕ್ಕದ ಸಾಲು: ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಮತ್ತು ಕನ್ನಡ ಸಿನಿಮಾದ ಚರಿತ್ರೆ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರವೆಂಬ ಮನ್ನಣೆ ಕನ್ನಡಕ್ಕೆ ಆರು ಬಾರಿ ಸಂದಿದೆ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', 1986ರ 'ತಬರನ ಕಥೆ', 1997ರ 'ತಾಯಿಸಾಹೇಬ' ಮತ್ತು 2001ರ 'ದ್ವೀಪ' ಆ ಆರು ಚಿತ್ರಗಳು. ಇಲ್ಲಿಯೂ ಮುಂದೆಯೂ ಕೊಡುವ ಇಸವಿಗಳು ಪ್ರಶಸ್ತಿಗೆ ಪರಿಗಣಿತವಾದ ವರ್ಷಗಳೇ ಹೊರತು ಪ್ರದಾನದ ವರ್ಷಗಳಲ್ಲ. ಕರ್ನಾಟಕದ ಹೊರಗಿದ್ದು ಕನ್ನಡ ಸಿನಿಮಾವನ್ನು ಕುರಿತು ಪಾಠ ಹೇಳುವವರಿಗೂ ಸಂಶೋಧನೆ ಕೈಗೊಳ್ಳುವವರಿಗೂ ಈ ಆರು ಹೆಸರುಗಳು ಕಂಠಪಾಠವಾಗಿವೆ. ಇದಕ್ಕೆ ಕಾರಣ ಸರಳ. 1980ರ ದಶಕದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನಗಳಂದು ತೋರಿಸುತ್ತಿದ್ದ ಪ್ರಾದೇಶಿಕ ಭಾಷೆಗಳ ಚಿತ್ರಗಳು, ಚಲನಚಿತ್ರ ಸಮಾಜಗಳ ಪ್ರದರ್ಶನಗಳು, ಇಂಗ್ಲಿಷ್ ಉಪಶೀರ್ಷಿಕೆಯಿರುವ ಪ್ರತಿಗಳು, ಇವೆಲ್ಲ ಬಹುಮಟ್ಟಿಗೆ ಪ್ರಶಸ್ತಿಯ ಬೆನ್ನು ಹಿಡಿದೇ ನಡೆದುಬಂದಿವೆ. ದೆಹಲಿಯಲ್ಲೋ ಮುಂಬಯಿಯಲ್ಲೋ ಕುಳಿತ ಕನ್ನಡಿಗನಿಗೆ ದೊರಕಿದ ಕನ್ನಡ ಸಿನಿಮಾ ಎಂದರೆ ಬಹುಪಾಲು ಪ್ರಶಸ್ತಿಯ ಜರಡಿಯಲ್ಲಿ ಉಳಿದ ಸಿನಿಮಾ. ಆ ಜರಡಿಯ ಸ್ವರೂಪವನ್ನು ಪರಿಶೀಲಿಸದೆ ಅದರಲ್ಲಿ ಉಳಿದುದನ್ನೇ ಕನ್ನಡ ಸಿನಿಮಾದ ಚರಿತ್ರೆಯೆಂದು ಒಪ್ಪಿಕೊಂಡಿರುವುದು ನಮ್ಮ ಅಧ್ಯಯನಗಳ ದೊಡ್ಡ ಮಿತಿಯಾಗಿದೆ.

ಈ ಪ್ರಶಸ್ತಿಯ ಒಂದು ವೈಶಿಷ್ಟ್ಯವನ್ನು ಮೊದಲು ಗಮನಿಸಬೇಕು. ಇಲ್ಲಿ ಗೆದ್ದವರ ಹೆಸರು ಮಾತ್ರ ಪ್ರಕಟವಾಗುತ್ತದೆ. ನಾಮನಿರ್ದೇಶಿತರ ಪಟ್ಟಿ ಎಂಬುದಿಲ್ಲ. ಅಮೆರಿಕದ ಅಕಾಡೆಮಿ ಪ್ರಶಸ್ತಿಗಳಲ್ಲಿ ಸೋತ ಚಿತ್ರಕ್ಕೂ ದಾಖಲೆಯಲ್ಲಿ ಒಂದು ಸ್ಥಾನವಿದೆ. 1957ರ ಚಿತ್ರಗಳಲ್ಲಿ ಶ್ರೇಷ್ಠ ಪರಭಾಷಾ ಚಿತ್ರವೆನಿಸಿದ್ದು ಫೆಲಿನಿಯ 'ನೈಟ್ಸ್ ಆಫ್ ಕಬೀರಿಯಾ'. ಅದರೊಡನೆ ಸ್ಪರ್ಧೆಯಲ್ಲಿದ್ದ 'ಮದರ್ ಇಂಡಿಯಾ'ವನ್ನು ನಾವು ಇಂದಿಗೂ ನೆನೆಯುತ್ತೇವೆ. 2001ರ 'ಲಗಾನ್' ಕೂಡ 'ನೋ ಮ್ಯಾನ್ಸ್ ಲ್ಯಾಂಡ್' ಎದುರು ಸೋತ ಚಿತ್ರವಾಗಿಯೇ ಚರಿತ್ರೆಯಲ್ಲಿದೆ. ಯಾವುದರ ಎದುರು ಯಾವುದನ್ನು ಆರಿಸಲಾಯಿತು ಎಂಬುದು ತಿಳಿದಾಗ ಮಾತ್ರ ಆಯ್ಕೆಯ ಹಿಂದಿನ ಮೌಲ್ಯವಿವೇಚನೆಯನ್ನು ಚರ್ಚಿಸುವುದು ಸಾಧ್ಯ. ನಮ್ಮ ರಾಷ್ಟ್ರೀಯ ಪ್ರಶಸ್ತಿಯಲ್ಲಿ ತೀರ್ಪುಗಾರರ ಮುಂದೆ ಬಂದ ಉಳಿದ ಚಿತ್ರಗಳು ಓದುಗನಿಗೆ ಕಾಣುವುದಿಲ್ಲ. ಹೀಗಾಗಿ ಗೆಲುವು ಒಂದು ಆಯ್ಕೆಯಾಗಿ ಕಾಣದೆ ಸ್ವಯಂಸಿದ್ಧ ಸತ್ಯವಾಗಿ ಕಾಣುತ್ತದೆ.

ಆರಂಭದಲ್ಲಿ ಹೀಗಿರಲಿಲ್ಲ ಎಂಬುದು ಕುತೂಹಲದ ಸಂಗತಿ. 1953ರ ಚಿತ್ರಗಳಿಗೆ ಮೊದಲ ಬಾರಿ ಪ್ರಶಸ್ತಿ ನೀಡಿದಾಗ ರಾಷ್ಟ್ರಪತಿಗಳ ಸ್ವರ್ಣಪದಕ ಅತ್ರೆಯವರ ಮರಾಠಿ ಚಿತ್ರ 'ಶ್ಯಾಮಚಿ ಆಯಿ'ಗೆ ದೊರೆಯಿತು. ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' ಅರ್ಹತಾಪತ್ರ ಪಡೆಯಿತು. ಸಾನೆ ಗುರೂಜಿಯವರ ತಾಯಿಯ ಕಥೆ ಒಂದೆಡೆ, ಕಲ್ಕತ್ತೆಯಲ್ಲಿ ರಿಕ್ಷಾ ಎಳೆಯುವ ರೈತನ ಕಥೆ ಇನ್ನೊಂದೆಡೆ: ಹೊಸ ಗಣರಾಜ್ಯ ತನ್ನ ಆದರ್ಶವನ್ನು ಎಲ್ಲಿ ಕಾಣಬಯಸಿತ್ತು ಎಂಬುದನ್ನು ಈ ಜೋಡಿ ಹೇಳುವಷ್ಟು ಸ್ಪಷ್ಟವಾಗಿ ಒಂಟಿ ಹೆಸರು ಹೇಳಲಾರದು. ಎರಡನೆಯ ಅತ್ಯುತ್ತಮ ಚಿತ್ರಕ್ಕೆ ಪ್ರಶಸ್ತಿ ಕೊಡುವ ಕ್ರಮ ಮುಂದೆಯೂ ಕೆಲಕಾಲ ನಡೆಯಿತು. 1973ರಲ್ಲಿ ಎಂ.ಟಿ. ವಾಸುದೇವನ್ ನಾಯರ್ ಅವರ 'ನಿರ್ಮಾಲ್ಯಂ' ಮೊದಲ ಸ್ಥಾನ ಪಡೆದರೆ, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ 'ಕಾಡು' ಎರಡನೆಯದಾಯಿತು. ಅನಂತರ ಆ ವಿಭಾಗವನ್ನೇ ಕೈಬಿಡಲಾಯಿತು. 'ಕಾಡು' ಮೇಲೆ ಹೇಳಿದ ಆರರ ಪಟ್ಟಿಯೊಳಗೆ ಇಲ್ಲದಿರುವುದಕ್ಕೆ ಇಷ್ಟೇ ಕಾರಣ. ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿಯ ಗೌರವ ತಂದ ಆ ಚಿತ್ರ ಹೊರನಾಡಿನ ಪಠ್ಯಕ್ರಮಗಳಲ್ಲಿ ಅಪರೂಪವಾಗಿರುವುದಕ್ಕೂ ಇದೇ ಕಾರಣವಿರಬಹುದು.

ಹಾಗಾದರೆ ಸಂಶೋಧಕನಿಗೆ ಉಳಿದ ದಾರಿ ಯಾವುದು? ದಾರಿ ಅದೇ ಪಟ್ಟಿಯ ಒಳಗೇ ಇದೆ. ಸ್ವರ್ಣಕಮಲದ ಕೆಳಗೆ ಪ್ರತಿ ಭಾಷೆಯ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಜತಪದಕದ ಸಾಲೊಂದಿದೆ. ಕನ್ನಡ ಚಿತ್ರವೊಂದು ಅಖಿಲ ಭಾರತ ಮಟ್ಟದಲ್ಲಿ ಮೊದಲನೆಯದಾದ ವರ್ಷ ಕನ್ನಡದ ಈ ಪ್ರಶಸ್ತಿ ಇನ್ನೊಂದು ಚಿತ್ರಕ್ಕೆ ಹೋಗುತ್ತದೆ. 1970ರಲ್ಲಿ 'ಸಂಸ್ಕಾರ'ದ ಪಕ್ಕದಲ್ಲಿ ಆರ್.ಎನ್.ಕೆ. ಪ್ರಸಾದ್ ಅವರ 'ನಗುವ ಹೂವು' ಇದೆ. 1975ರಲ್ಲಿ 'ಚೋಮನ ದುಡಿ'ಯ ಪಕ್ಕದಲ್ಲಿ ಜಿ.ವಿ. ಅಯ್ಯರ್ ಅವರ 'ಹಂಸಗೀತೆ' ಇದೆ. 1977ರಲ್ಲಿ 'ಘಟಶ್ರಾದ್ಧ'ದ ಪಕ್ಕದಲ್ಲಿ ಭೈರಪ್ಪನವರ ಕಾದಂಬರಿಯಿಂದ ಬಂದ 'ತಬ್ಬಲಿಯು ನೀನಾದೆ ಮಗನೆ' ಇದೆ. ನಾಮನಿರ್ದೇಶನದ ಪಟ್ಟಿಯಿಲ್ಲದ ಪ್ರಶಸ್ತಿಯಲ್ಲಿ ಈ ಜೋಡಿಗಳೇ ನಮಗೆ ದೊರೆಯುವ ಏಕೈಕ ತೌಲನಿಕ ಸಾಮಗ್ರಿ.

ಇವುಗಳಲ್ಲಿ 1975ರ ಜೋಡಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಎರಡೂ ಕಾದಂಬರಿಗಳಿಂದ ಬಂದ ಚಿತ್ರಗಳು. ಒಂದು ಶಿವರಾಮ ಕಾರಂತರು 1933ರಲ್ಲಿ ಬರೆದದ್ದು, ಮತ್ತೊಂದು ತ.ರಾ.ಸು. ಅವರದು. ಎರಡರ ಶೀರ್ಷಿಕೆಯಲ್ಲೂ ನಾದವಿದೆ. ಎರಡರಲ್ಲೂ ನಾದವೇ ವ್ಯಕ್ತಿಯ ಕೊನೆಯ ಸ್ವಾತಂತ್ರ್ಯ. ತುಂಡು ನೆಲಕ್ಕಾಗಿ ಹಂಬಲಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾ ಸಾಯುತ್ತಾನೆ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ಅಧಿಕಾರದ ಆಜ್ಞೆಗೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಒಬ್ಬನಿಗೆ ನುಡಿಸುವುದೇ ಪ್ರತಿಭಟನೆ, ಇನ್ನೊಬ್ಬನಿಗೆ ನುಡಿಯದಿರುವುದೇ ಪ್ರತಿಭಟನೆ. ಹೊಲೆಯನ ದುಡಿಗೆ ಆಸ್ಥಾನವೂ ಇಲ್ಲ, ಆಜ್ಞಾಪಿಸುವ ಪ್ರಭುವೂ ಇಲ್ಲ. ಅದನ್ನು ಕೇಳುವವರೇ ಇಲ್ಲವಾದ್ದರಿಂದ ಮೌನ ಅವನ ಪಾಲಿಗೆ ಅಸ್ತ್ರವಾಗಲಾರದು. ಶಾಸ್ತ್ರೀಯ ಗಾಯಕನ ಮೌನಕ್ಕೆ ಬೆಲೆ ಬರುವುದು ಅವನ ಹಾಡಿಗೆ ಮೊದಲೇ ಬೆಲೆ ಇದ್ದುದರಿಂದ. ಈ ಎರಡು ಚಿತ್ರಗಳನ್ನು ಒಟ್ಟಿಗೆ ಓದಿದಾಗ ಕನ್ನಡ ಸಮಾಜದಲ್ಲಿ ಕಲೆ ಮತ್ತು ಜಾತಿಗಳ ಸಂಬಂಧ ಕುರಿತ ಗಂಭೀರ ಚರ್ಚೆಯೊಂದು ಅದೇ ವರ್ಷ, ಅದೇ ಪಟ್ಟಿಯಲ್ಲಿ ನಡೆದಿದೆ ಎಂಬುದು ತಿಳಿಯುತ್ತದೆ. ಎಂ.ವಿ. ವಾಸುದೇವರಾಯರಿಗೆ ನಟನೆಗಾಗಿ, ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕಾಗಿ ಆ ವರ್ಷವೇ ಪ್ರಶಸ್ತಿ ಬಂದಿತು. 'ಚೋಮನ ದುಡಿ'ಯನ್ನು ಮಾತ್ರ ಪಠ್ಯವಾಗಿಟ್ಟಾಗ ಈ ಸಂವಾದ ಕೇಳಿಸುವುದಿಲ್ಲ. 'ಹಂಸಗೀತೆ'ಯನ್ನು ಸಂಗೀತದ ಚಿತ್ರವೆಂದು ಬದಿಗಿಡುವವರಿಗೂ ಅದು ಕೇಳಿಸದು.

ಆರು ಸ್ವರ್ಣಪದಕಗಳ ಚಿತ್ರಗಳೂ ಸಾಹಿತ್ಯಕೃತಿಗಳನ್ನು ಆಧರಿಸಿವೆ. ಅನಂತಮೂರ್ತಿ, ಕಾರಂತ, ತೇಜಸ್ವಿ, ಲೋಕಾಪುರ, ನಾ. ಡಿಸೋಜ ಇವರ ಬರೆಹಗಳಿಲ್ಲದೆ ಈ ಪಟ್ಟಿಯೇ ಇಲ್ಲ. ಆರರಲ್ಲಿ ನಾಲ್ಕು, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರವು. ಅವರ ಸಾಧನೆಯ ಬಗ್ಗೆ ಈಗಾಗಲೇ ವಿಪುಲವಾಗಿ ಬರೆಯಲಾಗಿದೆಯಾದ್ದರಿಂದ ಇಲ್ಲಿ ವಿಸ್ತರಿಸಬೇಕಿಲ್ಲ. ಹೊರನಾಡಿನ ಓದುಗರು ನೆನಪಿಡಬೇಕಾದ ಸಂಗತಿ ಬೇರೊಂದಿದೆ. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ 'ಸಂಸ್ಕಾರ' ಪುಸ್ತಕವಾಗಿ ಬಂದದ್ದು 1976ರಲ್ಲಿ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದಿದ್ದ ಪಟ್ಟಾಭಿರಾಮ ರೆಡ್ಡಿಯವರ ಚಿತ್ರ ಸ್ವರ್ಣಪದಕ ಪಡೆದದ್ದು ಅದಕ್ಕೂ ಮೊದಲು. ಅಂದರೆ ಪ್ರಾಣೇಶಾಚಾರ್ಯನನ್ನು ಕನ್ನಡೇತರರಲ್ಲಿ ಅನೇಕರು ಪುಸ್ತಕದಲ್ಲಿ ಓದುವ ಮೊದಲೇ ತೆರೆಯ ಮೇಲೆ ಕಂಡಿದ್ದರು. ನವ್ಯ ಸಾಹಿತ್ಯದ ಅಖಿಲ ಭಾರತ ಪ್ರತಿಷ್ಠೆಯಲ್ಲಿ ಪ್ರಶಸ್ತಿಯ ಪಾತ್ರವೂ ಇದೆ. ಅದನ್ನು ಸಾಹಿತ್ಯಚರಿತ್ರೆಗಳು ಇನ್ನೂ ಸರಿಯಾಗಿ ದಾಖಲಿಸಿಲ್ಲ.

ಆದರೆ ಸಾಹಿತ್ಯದಿಂದ ಬಂದ ಚಿತ್ರಕ್ಕೆ ಮನ್ನಣೆ, ಜನಪ್ರಿಯ ಚಿತ್ರಕ್ಕೆ ಅವಗಣನೆ ಎಂಬ ಸುಲಭ ವಿಭಜನೆ ಇಲ್ಲಿ ನಿಲ್ಲದು. ಜನಪ್ರಿಯ ಕನ್ನಡ ಸಿನಿಮಾವೂ ಕಾದಂಬರಿಗಳ ಮೇಲೆಯೇ ನಿಂತಿತ್ತು. 1972ರಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆನಿಸಿದ್ದು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ 'ಶರಪಂಜರ'. ಅದೇ ವರ್ಷ ತೆರೆಕಂಡು ಕರ್ನಾಟಕವನ್ನೇ ಆವರಿಸಿದ 'ಬಂಗಾರದ ಮನುಷ್ಯ' ಟಿ.ಕೆ. ರಾಮರಾಯರ ಕಾದಂಬರಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಸಾಹಿತ್ಯವೋ ಅಲ್ಲವೋ ಎಂಬುದಲ್ಲ. ಯಾವ ಸಾಹಿತ್ಯ ಎಂಬುದು. ಸ್ವರ್ಣಪದಕದ ಮೆಟ್ಟಿಲನ್ನು ಏರಿದ್ದು ವಿಮರ್ಶಕರು ಮಾನ್ಯ ಮಾಡಿದ ಬರೆಹ. ಮನೆಮನೆಯ ಹೆಂಗಸರು ಗ್ರಂಥಾಲಯಗಳಿಂದ ತಂದು ಓದುತ್ತಿದ್ದ ಬರೆಹ ರಜತದ ಸಾಲಿನಲ್ಲಿ ನಿಂತಿತು. ಎಂ.ಕೆ. ಇಂದಿರಾ ಅವರ ಉದಾಹರಣೆ ಇದಕ್ಕೆ ಅತ್ಯಂತ ಸೂಕ್ತ. ಅವರ 'ಗೆಜ್ಜೆ ಪೂಜೆ' 1969ರಲ್ಲಿ ಪುಟ್ಟಣ್ಣನವರ ಕೈಯಲ್ಲಿ ಚಿತ್ರವಾಗಿ ಕನ್ನಡದ ಪ್ರಶಸ್ತಿಯನ್ನು ಪಡೆಯಿತು. 'ಫಣಿಯಮ್ಮ' 1982ರಲ್ಲಿ ಪ್ರೇಮಾ ಕಾರಂತರ ಕೈಯಲ್ಲಿ ಚಿತ್ರವಾಗಿ ಅದೇ ಪ್ರಶಸ್ತಿಯನ್ನು ಪಡೆಯಿತು. ಲೇಖಕಿ ಒಬ್ಬರೇ, ಪದಕವೂ ಒಂದೇ. ಆದರೆ ಸ್ತ್ರೀವಾದಿ ಅಧ್ಯಯನಗಳಲ್ಲಿ ಎರಡನೆಯದು ಪಠ್ಯವಾಗಿದೆ, ಮೊದಲನೆಯದು ಹಾಡುಗಳಿರುವ ಭಾವುಕ ಚಿತ್ರವೆಂದು ಉಪೇಕ್ಷೆಗೆ ಒಳಗಾಗಿದೆ. ಗೆಜ್ಜೆ ಕಟ್ಟುವ ಕುಲದಲ್ಲಿ ಹುಟ್ಟಿ ಗೃಹಿಣಿಯಾಗಬಯಸುವ ಚಂದ್ರಾಳ ದುರಂತವು ಬಾಲವಿಧವೆಯಾದ ಫಣಿಯಮ್ಮನ ದೀರ್ಘ ಮೌನಕ್ಕಿಂತ ಯಾವ ರೀತಿಯಲ್ಲೂ ಕಡಿಮೆ ರಾಜಕೀಯವಲ್ಲ. ಒಬ್ಬಳಿಗೆ ವಿವಾಹದ ಹಕ್ಕೇ ಇಲ್ಲ, ಇನ್ನೊಬ್ಬಳಿಗೆ ಅರಿವು ಮೂಡುವ ಮೊದಲೇ ವಿವಾಹ ಮುಗಿದುಹೋಗಿದೆ. ಕಣ್ಣೀರು ತರಿಸುವ ಚಿತ್ರ ಚಿಂತನೆಗೆ ಅರ್ಹವಲ್ಲ ಎಂಬ ನಮ್ಮ ಪೂರ್ವಗ್ರಹವೇ ಇಲ್ಲಿ ಕೆಲಸ ಮಾಡಿದೆ. ತೀರ್ಪುಗಾರರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ರಜತದ ಸಾಲಿನ ಆರಂಭ ಇನ್ನೂ ಹಿಂದಕ್ಕೆ ಹೋಗುತ್ತದೆ. 1954ರ 'ಬೇಡರ ಕಣ್ಣಪ್ಪ' ಕನ್ನಡಕ್ಕೆ ಮೊದಲ ಅರ್ಹತಾಪತ್ರ ತಂದಿತು. ಕರ್ನಾಟಕ ಏಕೀಕರಣವಾದದ್ದು 1956ರ ನವೆಂಬರ್‌ನಲ್ಲಿ. ರಾಜ್ಯವಿನ್ನೂ ಹುಟ್ಟುವ ಮೊದಲೇ ಕೇಂದ್ರ ಸರ್ಕಾರದ ಪ್ರಶಸ್ತಿಯೊಂದು ಕನ್ನಡವನ್ನು ಒಂದು ಘಟಕವೆಂದು ಗುರುತಿಸಿತ್ತು. ಆ ಚಿತ್ರೋದ್ಯಮವಾದರೋ ಬಹುಮಟ್ಟಿಗೆ ಮದ್ರಾಸಿನಲ್ಲಿತ್ತು. ಭಾಷೆಯೆಂಬುದು ಗಡಿಯೊಳಗಿನ ವಸ್ತುವಲ್ಲವೆಂಬುದನ್ನು ಹೊರನಾಡ ಕನ್ನಡಿಗರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಗುಬ್ಬಿ ಕಂಪನಿಯ ರಂಗಪರಂಪರೆಯಿಂದ ಬಂದ ಆ ಚಿತ್ರದಲ್ಲೇ ರಾಜಕುಮಾರ್ ನಾಯಕನಟರಾದರು. ಮುಂದಿನ ನಾಲ್ಕು ದಶಕಗಳಲ್ಲಿ ಕನ್ನಡಿಗರ ನುಡಿಯ ಉಚ್ಚಾರಣೆಯನ್ನೇ ತಿದ್ದಿದ ಆ ನಟನಿಗೆ ನಟನೆಗಾಗಿ ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲ. 1992ರ 'ಜೀವನ ಚೈತ್ರ'ಕ್ಕೆ ಬಂದದ್ದು ಹಿನ್ನೆಲೆ ಗಾಯನಕ್ಕಾಗಿ. 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಜೀವಮಾನದ ಸಾಧನೆಗಾಗಿ. ಇದನ್ನು ಅನ್ಯಾಯವೆಂದು ಕೂಗುವುದು ಅಭಿಮಾನಿಗಳ ಕೆಲಸ. ವಿಮರ್ಶಕನಿಗೆ ಇದರಲ್ಲಿ ಒಂದು ಸಮಸ್ಯೆ ಇದೆ. ಗ್ರಾಂಥಿಕ ಕನ್ನಡವನ್ನು ಜನರ ನಾಲಗೆಗೆ ಒಗ್ಗಿಸಿದ ಸಂಭಾಷಣಾ ಕಲೆ ಇಂಗ್ಲಿಷ್ ಉಪಶೀರ್ಷಿಕೆಯಲ್ಲಿ ಹೇಗೆ ತಾನೇ ಉಳಿದೀತು? ಕರಾವಳಿ, ಮಲೆನಾಡು, ಉತ್ತರ ಕರ್ನಾಟಕಗಳ ನುಡಿಭೇದಗಳೆಲ್ಲ ಅಲ್ಲಿ ಒಂದೇ ಬಗೆಯ ಇಂಗ್ಲಿಷಾಗುತ್ತವೆ. ಮಾತು ಕಡಿಮೆಯಿದ್ದು ದೃಶ್ಯ ಹೆಚ್ಚಿರುವ ಚಿತ್ರ ಭಾಷೆಯ ಎಲ್ಲೆಯನ್ನು ದಾಟುತ್ತದೆ. ಮಾತೇ ಪ್ರಾಣವಾದ ಚಿತ್ರ ಇತ್ತಲೇ ಉಳಿಯುತ್ತದೆ. ಕನ್ನಡದ ಸ್ವರ್ಣಪದಕಗಳಲ್ಲಿ ಮಿತಭಾಷಿ ಚಿತ್ರಗಳೇ ಹೆಚ್ಚಾಗಿರುವುದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ.

'ದ್ವೀಪ'ದ ನಂತರ, 2023ರ ಚಿತ್ರಗಳಿಗೆ 2025ರಲ್ಲಿ ಘೋಷಿತವಾದ ಪ್ರಶಸ್ತಿಗಳವರೆಗೆ, ಕನ್ನಡಕ್ಕೆ ಏಳನೆಯ ಸ್ವರ್ಣಕಮಲ ಬಂದಿಲ್ಲ. ಆದರೆ 2011ರಲ್ಲಿ ಮರಾಠಿಯ 'ದೇವುಳ್' ಜೊತೆ ಅತ್ಯುತ್ತಮ ಚಿತ್ರವೆನಿಸಿದ 'ಬ್ಯಾರಿ' ದಕ್ಷಿಣ ಕನ್ನಡದ ಬ್ಯಾರಿ ಭಾಷೆಯ ಚಿತ್ರ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲದ, ಕರ್ನಾಟಕದ ನೆಲದ ನುಡಿಯೊಂದು ಕನ್ನಡಕ್ಕೆ ಆ ದಶಕದಲ್ಲಿ ದಕ್ಕದ ಮನ್ನಣೆಯನ್ನು ಪಡೆಯಿತು. ನಮ್ಮ ಆರರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ನಾವು ಎಣಿಸುತ್ತಿರುವುದು ಭಾಷೆಯನ್ನು. ರಾಜ್ಯವನ್ನು ಎಣಿಸುವವರಿಗೆ ಏಳು ಚಿತ್ರಗಳು ಸಿಗುತ್ತವೆ.

2022ರ ಪಟ್ಟಿ ಇನ್ನೂ ಜಟಿಲ. ಅತ್ಯುತ್ತಮ ಚಿತ್ರ ಮಲಯಾಳದ 'ಆಟ್ಟಂ'. ಕನ್ನಡದ ಅತ್ಯುತ್ತಮ ಚಿತ್ರ 'ಕೆ.ಜಿ.ಎಫ್. ಅಧ್ಯಾಯ 2'. ಸದಭಿರುಚಿಯ ಮನರಂಜನೆ ನೀಡುವ ಜನಪ್ರಿಯ ಚಿತ್ರವೆಂಬ ಪ್ರಶಸ್ತಿ 'ಕಾಂತಾರ'ಕ್ಕೆ, ಶ್ರೇಷ್ಠ ನಟ ಪ್ರಶಸ್ತಿ ಅದರ ನಿರ್ದೇಶಕರೂ ಆದ ರಿಷಬ್ ಶೆಟ್ಟಿಯವರಿಗೆ. ಎರಡಕ್ಕೂ ಮೂಲವಾದ ಕಾದಂಬರಿಯಿಲ್ಲ. 1975ರಲ್ಲಿ ವಾಸುದೇವರಾಯರಿಗೆ ಪ್ರಶಸ್ತಿ ತಂದ ಚೋಮನೂ 2022ರಲ್ಲಿ ರಿಷಬ್ ಶೆಟ್ಟಿಯವರಿಗೆ ತಂದ ಶಿವನೂ ಒಂದೇ ಕರಾವಳಿಯವರು. ಇಬ್ಬರ ಕಥೆಯಲ್ಲೂ ನೆಲದ ಒಡೆತನವೇ ಕೇಂದ್ರ. ಚೋಮನಿಗೆ ನೆಲ ಸಿಗದೆ ದುಡಿ ಉಳಿಯಿತು. ಶಿವನ ಊರಿಗೆ ನೆಲ ಉಳಿದದ್ದು ದೈವದ ಆವೇಶದಿಂದ. ಸುಮಾರು ಅರ್ಧ ಶತಮಾನದ ಅಂತರದಲ್ಲಿ ಬೇಸಾಯದ ನೆಲದ ಪ್ರಶ್ನೆ ದೈವದ ನೆಲದ ಪ್ರಶ್ನೆಯಾಗಿ ಮಾರ್ಪಟ್ಟದ್ದು ಹೇಗೆ ಎಂಬುದನ್ನು ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾರಾದರೂ ಸಂಶೋಧಿಸಬೇಕಾಗಿದೆ.